ಅರೆತೊಟ್ಟಿನ ಕಣ್ಣು

ಗುಳ್ಳೆ ಹೋಯಿತೋ ಇಲ್ಲವೋ, ಬ್ಯೂರೆಟ್ಟಿನ ಮೂತಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಗಾಳಿಗುಳ್ಳೆ ಸಿಕ್ಕಿಕೊಂಡು ಕೂತಿತ್ತು, ಈಗ ಕಾಣುತ್ತಿಲ್ಲ, ಕಾಣುತ್ತಿಲ್ಲ ಅಂದಮಾತ್ರಕ್ಕೆ ಹೋಗಿದೆ ಎಂದಲ್ಲ ಅನ್ನುವುದು ಅವನಿಗೆ ಈಚೆಗೆ ಚೆನ್ನಾಗಿಯೇ ಗೊತ್ತಾಗಿದೆ, ಉಗುರಿನಿಂದ ಗಾಜಿನ ಕೊಳವೆಯನ್ನು ಒಮ್ಮೆ ತಟ್ಟುತ್ತಾನೆ, ಇನ್ನೊಮ್ಮೆ, ತಿರುಪನ್ನು ಪೂರ್ತಿ ತೆರೆದು ಒಂದಿಷ್ಟು ಕ್ಷಾರವನ್ನು ಸರ್ರನೆ ಚೆಲ್ಲಿ ಮತ್ತೆ ಸೊನ್ನೆಯ ಗೆರೆಗೆ ತುಂಬುತ್ತಾನೆ — ಹೋಗಿದೆ, ಗುಳ್ಳೆಗೆ ಬಣ್ಣವಿಲ್ಲ, ಬಣ್ಣವಿಲ್ಲದ್ದೆಲ್ಲ ಅವನಿಗೆ ಇನ್ನೂ ಕಾಣುತ್ತದೆ, ಗೆರೆ ಕಾಣುತ್ತದೆ, ಅಂಕಿ ಕಾಣುತ್ತದೆ, ಕ್ಷಾರದ ಮೇಲ್ಮೈ ನಡುವೆ ತಗ್ಗಿ ಅಂಚಿನಲ್ಲಿ ಏರಿರುವುದು ಕಾಣುತ್ತದೆ, ಆ ತಗ್ಗಿನ ತಳ ಗೆರೆಯ ಮೇಲೆ ಕೂತಿದೆ, ಸೊನ್ನೆ, ಸರಿ. ಕೆಳಗೆ ಬಿಳಿಯ ಟೈಲು, ಟೈಲಿನ ಮೇಲೆ ಫ್ಲಾಸ್ಕು, ಫ್ಲಾಸ್ಕಿನೊಳಗೆ ಸ್ಪಿರಿಟ್ಟಿನಲ್ಲಿ ಕರಗಿದ ಮಾತ್ರೆಯ ಪುಡಿ, ಹೃದಯ ಕೈಕೊಟ್ಟವರು ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನವೂ ನುಂಗುವ ಪುಟ್ಟ ಮಾತ್ರೆ, ಈ ಕಾರ್ಖಾನೆಯ ಅನ್ನ ಬೇಯುವುದೇ ಆ ಮಾತ್ರೆಯಿಂದ. ಅದರೊಳಗಿನ ಮದ್ದು ಹುಳಿ, ಅಂದರೆ ಆಮ್ಲ, ಮೇಲಿನಿಂದ ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಹೋದರೆ ಆಮ್ಲ ಸ್ವಲ್ಪ ಸ್ವಲ್ಪವೇ ತೀರುತ್ತದೆ, ಪೂರ್ತಿ ತೀರಿದ ಮರುತೊಟ್ಟಿಗೆ, ಮೊದಲೇ ಹಾಕಿಟ್ಟ ಸೂಚಕ ದ್ರಾವಣದ ದೆಸೆಯಿಂದ, ಫ್ಲಾಸ್ಕಿನ ನೀರು ತಿಳಿ ಗುಲಾಬಿಗೆ ತಿರುಗುತ್ತದೆ, ಅಲ್ಲಿ ನಿಲ್ಲಬೇಕು, ಎಷ್ಟು ಕ್ಷಾರ ಖರ್ಚಾಯಿತೋ ಅದೇ ಲೆಕ್ಕದಲ್ಲಿ ಮದ್ದು ಇದೆ ಎಂದು ಬರೆಯಬೇಕು, ಬರೆದರೆ ಆ ಬ್ಯಾಚಿನ ಡಬ್ಬಗಳೆಲ್ಲ ಸಂಜೆಯ ಲಾರಿ ಹತ್ತುತ್ತವೆ. ಇಷ್ಟೇ ಕೆಲಸ, ಹೇಳುವುದಕ್ಕೆ ನೀರು ಕುಡಿದಷ್ಟು ಸುಲಭ, ಆದರೆ ನಿಲ್ಲುವುದು ಇದೆಯಲ್ಲ, ಅದು ಎಲ್ಲರ ಕೈಗೂ ಬರುವುದಿಲ್ಲ, ಒಂದು ತೊಟ್ಟು ಹೆಚ್ಚಾದರೆ ಗುಲಾಬಿ ಹೋಗಿ ಕಡುಕೆಂಪು, ಕೆಲವರು ಬಿಟ್ಟ ಕೈ ಬಿಟ್ಟೇ ಬಿಡುತ್ತಾರೆ. ಅವನು ಹಾಗಲ್ಲ, ಅವನು ತೊಟ್ಟನ್ನೂ ಎರಡು ಮಾಡುತ್ತಾನೆ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮೂತಿಯಲ್ಲಿ ಅರ್ಧ ತೊಟ್ಟು ನೇತಾಡಿಸಿ ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ ನೀರಿನಿಂದ ತೊಳೆದು ಕೆಳಗಿಳಿಸುತ್ತಾನೆ, ಅದಕ್ಕೇ ಅವನಿಗೆ ಈ ಪ್ರಯೋಗಶಾಲೆಯಲ್ಲಿ ಅರೆತೊಟ್ಟು ಎಂದೇ ಹೆಸರು, ಹೆತ್ತವರು ಇಟ್ಟದ್ದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಏನಪ್ಪಾ ಅರೆತೊಟ್ಟು, ಮನೇಲಿ ಕಾಫಿಗೂ ಹೀಗೇ ಹಾಲು ಹಾಕ್ತೀಯಾ, ಎಂದು ಪಕ್ಕದ ತೂಕದ ಕೋಣೆಯ ತಕ್ಕಡಿ ಅಕ್ಕ ಕಾಲೆಳೆಯುತ್ತಾಳೆ, ಅವಳಿಗೂ ಹೆಸರಿದೆ, ಅದನ್ನು ಕೇಳಿದವರಿಲ್ಲ, ಅವಳು ತೂಗಿ ಕೊಡುವುದು ಇವನು ಅಳೆಯುವುದು, ಇಬ್ಬರ ನಡುವೆ ಒಂದು ಗಾಜಿನ ಬಾಗಿಲು.

ಅವಳು ಇವತ್ತು ತೂಗಿ ಕೊಟ್ಟ ಪುಡಿಗೆ ಇಪ್ಪತ್ತೊಂದು ಬರಬೇಕು, ಇಪ್ಪತ್ತೊಂದು ಮಿಲಿಲೀಟರಿನ ಆಸುಪಾಸು, ತೂಕ ನೋಡಿದ ತಕ್ಷಣ ಅವನ ತಲೆ ತಾನೇ ಲೆಕ್ಕ ಹಾಕಿಬಿಡುತ್ತದೆ, ಹಾಕಬಾರದು, ಮೊದಲೇ ಉತ್ತರ ಗೊತ್ತಿದ್ದರೆ ಕಣ್ಣು ಆ ಉತ್ತರವನ್ನೇ ಹುಡುಕುತ್ತದೆ, ಹೊಸದಾಗಿ ಬಂದವರಿಗೆ ಅವನು ಮೊದಲು ಹೇಳುತ್ತಿದ್ದದ್ದೇ ಇದು, ಲೆಕ್ಕ ಆಮೇಲೆ, ಮೊದಲು ಕಣ್ಣು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ರಪ್ಪಾ. ದೊಡ್ಡ ಉಪದೇಶ. ಈಗ ಅವನು ಮಾಡುತ್ತಿರುವುದು ಅದರ ತಲೆಕೆಳಗು, ಲೆಕ್ಕ ಮೊದಲು, ಕಣ್ಣು ಇಲ್ಲವೇ ಇಲ್ಲ, ಇಪ್ಪತ್ತೊಂದು ಬರಬೇಕಾದ ಕಡೆ ಇಪ್ಪತ್ತೊಂದಕ್ಕೆ ಬಂದು ನಿಲ್ಲುತ್ತಾನೆ, ನಿಂತು ಬಂತು ಎನ್ನುತ್ತಾನೆ, ಎಂದುಕೊಂಡಾಗ ಎಷ್ಟೋ ಸಲ ಬಂದ ಹಾಗೆಯೇ ಆಗುತ್ತದೆ, ಟೈಲಿನ ಮೇಲೆ ಒಂದು ನೆರಳು ಆಡಿದ ಹಾಗೆ. ಎಡಗೈ ತಿರುಪಿನ ಮೇಲೆ, ಬಲಗೈ ಫ್ಲಾಸ್ಕಿನ ಕೊರಳು ಹಿಡಿದು ಸುತ್ತಿಸುತ್ತಿದೆ, ಐದು, ಆರು, ಇಲ್ಲಿ ಹೆದರಿಕೆ ಇಲ್ಲ, ಇಲ್ಲಿ ಎಲ್ಲರಿಗೂ ನೀರೇ. ಗುಲಾಬಿ ಕಾಣದಾದ ಮೊದಲ ದಿನಗಳಲ್ಲಿ ಬೇರೆಯದರ ಮೇಲೆಲ್ಲ ಗುಮಾನಿ ಪಟ್ಟ, ಅದೇ ಅವನು ಕಲಿತ ಶಿಸ್ತು, ಫಲಿತಾಂಶ ಎಡವಟ್ಟಾದರೆ ಮೊದಲು ಕ್ಷಾರವನ್ನು ಸಂಶಯಿಸು, ಆಮೇಲೆ ಸೂಚಕ ದ್ರಾವಣವನ್ನು, ಆಮೇಲೆ ಗಾಜನ್ನು, ತಕ್ಕಡಿಯನ್ನು, ಬೆಳಕನ್ನು — ಕ್ಷಾರವನ್ನು ಹೊಸದಾಗಿ ತಯಾರಿಸಿದ, ಸೂಚಕವನ್ನು ಹೊಸ ಬಾಟಲಿಯಿಂದ ತೆಗೆದ, ಫ್ಲಾಸ್ಕುಗಳನ್ನು ಕೈ ಸುಡುವ ನೀರಲ್ಲಿ ತೊಳೆದ, ಟ್ಯೂಬ್‌ಲೈಟು ಸರಿಯಿಲ್ಲ ಎಂದು ವಿದ್ಯುತ್ತಿನವನನ್ನು ಕರೆಸಿ ಏಣಿ ಹತ್ತಿಸಿದ, ಅವನು ಇಳಿದು ಬಂದು ಲೈಟೇನೋ ಸರಿಯಾಗೇ ಇದೆ ಸಾರ್, ಎಂದು ಇವನ ಮುಖವನ್ನು ಒಂದು ಥರ ನೋಡಿ ಹೋದ. ಆ ಪಟ್ಟಿಯಲ್ಲಿ ಕಣ್ಣು ಇರಲಿಲ್ಲ, ಯಾರೂ ಕಲಿಸಿರಲಿಲ್ಲ. ಒಂಬತ್ತು, ಹತ್ತು. ಯಂತ್ರ ಬಂದಾಗ ಈ ಮೇಜಿನಲ್ಲಿ ನಾಲ್ಕು ಜನ ಇದ್ದರು, ನಾಲ್ಕು ಬ್ಯೂರೆಟ್ಟು, ನಾಲ್ಕು ಸ್ಟೂಲು, ಯಂತ್ರ ತಾನೇ ಬಿಟ್ಟು ತಾನೇ ನಿಂತು ತಾನೇ ಬರೆದುಕೊಳ್ಳುತ್ತದೆ, ಮೂವರು ಹೋದರು, ಒಬ್ಬ ಔಷಧದಂಗಡಿ ಸೇರಿದ, ಒಬ್ಬ ಎಲ್ಲಿದ್ದಾನೋ, ಮೂರನೆಯವಳು ಹೋಗುವಾಗ ತನ್ನ ಏಪ್ರನ್ನನ್ನು ಮಡಿಸಿ ಸ್ಟೂಲಿನ ಮೇಲೆ ಇಟ್ಟು ನಡೆದಳು, ಅವಳ ಜಾಗದಲ್ಲಿ ಈಗ ಯಂತ್ರದ ರಟ್ಟಿನ ಪೆಟ್ಟಿಗೆ ಇದೆ. ಇವನು ಉಳಿದ. ಉಳಿದದ್ದು ಯಾಕೆಂದರೆ ಒಂದು ಸಲ ಯಂತ್ರ ಮದ್ದು ನೂರಕ್ಕೆ ಎಪ್ಪತ್ತು ಅಂತ ಹೇಳಿದ್ದನ್ನು ಇವನು ನೂರು ಎಂದ, ಕಣ್ಣಿಂದ ಹೇಳಿದ, ಯಂತ್ರದ ಅಳೆಯುವ ಸಲಾಕೆ ಕೆಟ್ಟಿದೆ ಎಂದು ಮೇಜು ಕುಟ್ಟಿ ಹೇಳಿದ, ಬಿಚ್ಚಿ ನೋಡಿದರೆ ಕೆಟ್ಟಿತ್ತು, ಪ್ರಯೋಗಶಾಲೆಯ ಮುಖ್ಯಸ್ಥರು ಎಲ್ಲರ ಎದುರಿಗೆ ಇವನ ಬೆನ್ನು ತಟ್ಟಿ, ಯಂತ್ರ ಇರ್ಲಿ, ಆದ್ರೆ ಅದರ ಮೇಲೊಂದು ಕಣ್ಣು ಇರ್ಬೇಕಲ್ಲಪ್ಪ, ಪುಟ್ಟ ಮಾತ್ರೆ ಮಾತ್ರ ನಿನ್ ಕೈಯಲ್ಲೇ ಆಗ್ಲಿ, ಎಂದರು. ಕಣ್ಣಿನ ದೆಸೆಯಿಂದ ಉಳಿದವನು ಕಣ್ಣು ಹೋಯಿತು ಎಂದು ಹೇಳಿದರೆ ಮರುದಿನ ಅವನ ಸ್ಟೂಲಿನ ಮೇಲೂ ರಟ್ಟಿನ ಪೆಟ್ಟಿಗೆಯೇ, ಇದಕ್ಕೆ ಲೆಕ್ಕ ಬೇಕಿಲ್ಲ. ತಮಾಷೆ ಎಂದರೆ ಕಳೆದ ವಾರ ಅದೇ ಮುಖ್ಯಸ್ಥರು ಬಂದು, ಏನಯ್ಯಾ, ನಿನ್ ಫಲಿತಾಂಶ ಇತ್ತೀಚೆಗೆ ಎಷ್ಟು ನೀಟಾಗಿದೆ, ಒಂದಕ್ಕೊಂದು ಕೂದಲಷ್ಟೂ ವ್ಯತ್ಯಾಸ ಇಲ್ಲ, ವಯಸ್ಸಾದ ಹಾಗೆ ಕೈ ಪಳಗ್ತಾ ಇದೆ ನೋಡು, ಎಂದರು. ಹೌದು ಸಾರ್ ಎಂದ. ವ್ಯತ್ಯಾಸ ಎಲ್ಲಿಂದ ಬರಬೇಕು, ಕುರುಡ ಒಂದೇ ಗೋಡೆ ಹಿಡಿದು ನಡೆಯುತ್ತಿದ್ದರೆ ದಾರಿ ತಪ್ಪುವುದಾದರೂ ಹೇಗೆ, ಎಂದು ಒಳಗೊಳಗೇ ಹೇಳಿಕೊಂಡ.

ಹದಿಮೂರು. ಕೆಮ್ಮು ಬರುತ್ತಿದೆಯೇನೋ, ಇಲ್ಲ, ಗಂಟಲ ಹತ್ತಿರ ಬಂದು ಹಿಂದಕ್ಕೆ ಹೋಯಿತು, ಈ ಸ್ಪಿರಿಟ್ಟಿನ ಘಾಟು ಒಂದು. ಇಲ್ಲಿ ಯಾರಿಗೂ ಗೊತ್ತಿಲ್ಲ, ನ್ಯುಮೋನಿಯ ಆಗಿತ್ತು ಎಂದೇ ರಜೆ ಹಾಕಿದ್ದು, ಕ್ಷಯ ಎಂದರೆ ತಿನ್ನುವ ಮಾತ್ರೆ ತಯಾರಾಗುವ ಕಡೆ ಒಂದು ಗಂಟೆ ನಿಲ್ಲಗೊಡುತ್ತಾರೆಯೇ, ಎದೆಯ ಡಾಕ್ಟರು ಇನ್ನು ನಿಮ್ಮಿಂದ ಬೇರೆಯವರಿಗೆ ಹರಡಲ್ಲ, ಕೆಲಸಕ್ಕೆ ಹೋಗಬಹುದು ಎಂದಿದ್ದರು, ಅಷ್ಟು ಸಾಕಾಗಿತ್ತು ಅವನಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಹಿಡಿ ಮಾತ್ರೆ, ನುಂಗಿ ನುಂಗಿ ನಾಲಗೆಯೇ ಲೋಹದ ತುಂಡಾಗಿದೆ, ಅದರಲ್ಲೊಂದು ಮಾತ್ರೆಯನ್ನು ಡಾಕ್ಟರು ಬೇರೆಯಾಗಿ ಎತ್ತಿ ತೋರಿಸಿ, ನೋಡಿ, ಇದು ಕೆಲವರಿಗೆ ಕಣ್ಣಿನ ನರಕ್ಕೆ ಹೊಡೆಯುತ್ತೆ, ಮೊದಲು ಕೆಂಪು ಹಸಿರು ಹೋಗುತ್ತೆ, ಬಣ್ಣ ಮಂಕು ಅನಿಸಿದ ದಿನವೇ ಬನ್ನಿ, ನಿಲ್ಲಿಸಿಬಿಡೋಣ, ಬೇಗ ನಿಲ್ಲಿಸಿದ್ರೆ ವಾಪಸ್ ಬರುತ್ತೆ, ತಡ ಮಾಡಿದ್ರೆ ಹೇಳಕ್ಕಾಗಲ್ಲ, ಪೂರ್ತಿ ಹೋಗಬಹುದು, ಎಂದಿದ್ದರು. ಅವನು ತಲೆಯಾಡಿಸಿದ್ದ, ಮದ್ದಿನವನಿಗೆ ಮದ್ದಿನ ಪಾಠವೇ ಎಂಬ ಸಣ್ಣ ಗರ್ವದಿಂದಲೇ ಆಡಿಸಿದ್ದ. ಆ ದಿನ ಬಂತು, ಅವನು ಹೋಗಲಿಲ್ಲ. ಹೋದರೆ ಆ ಮಾತ್ರೆ ನಿಲ್ಲಿಸಿ ಕಣ್ಣಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ, ಕಣ್ಣಿನ ಆಸ್ಪತ್ರೆಗೆ ರಜೆ ಬೇಕು, ರಜೆಗೆ ಕಾರಣ ಬೇಕು, ಕಾರಣಕ್ಕೆ ಕಾಗದ ಬೇಕು, ಕಾಗದದ ಮೇಲೆ ಎರಡು ಮಾತು ಇರುತ್ತದೆ, ಕ್ಷಯ ಎಂದು ಒಂದು, ಕಣ್ಣು ಎಂದು ಒಂದು, ಎರಡರಲ್ಲಿ ಯಾವುದು ಮುಖ್ಯಸ್ಥರ ಮೇಜಿಗೆ ಬಿದ್ದರೂ ಅನ್ನಕ್ಕೆ ಕಲ್ಲು. ಇನ್ನೆರಡು ತಿಂಗಳು, ಆಮೇಲೆ ಆ ಮಾತ್ರೆ ಹೇಗೂ ನಿಲ್ಲುತ್ತದೆ, ಕಣ್ಣು ಹೇಗೂ ವಾಪಸ್ ಬರುತ್ತದೆ, ಯಾರಿಗೂ ತಿಳಿಯದ ಹಾಗೆ ಬಂದುಬಿಡುತ್ತದೆ — ಹೀಗೆ ತನ್ನ ಕಣ್ಣಿನ ಜೊತೆ ಚೌಕಾಸಿ ಮಾಡುತ್ತ ದಿನ ದೂಡಿದ, ಹದಿನೈದು, ನಿಧಾನ, ತೊಟ್ಟುಗಳನ್ನು ಒಂದೊಂದೇ ಬಿಡಬೇಕು. ಹಿಂದಿನ ಸಲ ಡಾಕ್ಟರು ಮೇಜಿನ ಮೇಲಿಂದ ಪೆನ್ನು ಎತ್ತಿ ಇದು ಯಾವ ಬಣ್ಣ ಅಂದರು, ಪಕ್ಕದಲ್ಲಿ ಕಪ್ಪು ಪೆನ್ನು ನೀಲಿ ಪೆನ್ನು ಆಗಲೇ ಬಿದ್ದಿದ್ದವು, ಡಾಕ್ಟರ ಮೇಜಿನಲ್ಲಿ ಮೂರನೆಯದು ಇನ್ನೇನಿರುತ್ತದೆ, ಕೆಂಪು ಸಾರ್, ಎಂದ, ಸರಿಯಾಯಿತು, ಒಳ್ಳೇದು ಎಂದು ಬರೆದುಕೊಂಡರು. ಅಲ್ಲೂ ಲೆಕ್ಕದ ಮೇಲೆಯೇ ನಿಂತ. ಮನೆಯಲ್ಲಿ ಮಾತ್ರ ಲೆಕ್ಕ ಉಲ್ಟಾ ಹೊಡೆಯುತ್ತದೆ, ಚೀಲದಿಂದ ಟೊಮೆಟೊ ಸುರಿದು ಹೆಂಡತಿ, ಏನ್ರೀ ಇದು, ಅಷ್ಟೂ ಹಸಿಕಾಯಿ, ಅಂಗಡಿಯವನು ಕತ್ತಲಲ್ಲಿ ಕೊಟ್ನಾ, ಅಂದಳು, ಹಣ್ಣಾಗುತ್ತೆ ಬಿಡು, ನಾಲ್ಕು ದಿನ ಇಡು, ಎಂದ, ಹಣ್ಣಾಗುತ್ತೆ ಹಣ್ಣಾಗುತ್ತೆ, ನೀವು ಹಾಸಿಗೆ ಬಿಟ್ಟೆದ್ದು ಬಂದಿದ್ದೇ ಪುಣ್ಯ, ಕಾಯೋ ಹಣ್ಣೋ ಹೋಗ್ಲಿ, ಎಂದು ಅವಳು ನಕ್ಕಳು, ನಗುವಾಗ ಅವಳ ತುಟಿಯೂ ಮುಖವೂ ಒಂದೇ ಬೂದಿ ಬಳಿದ ಹಾಗಿತ್ತು, ಇವಳಿಗೆ ಏನಾದರೂ ಆಗಿದೆಯೇ ಎಂದು ಹತ್ತಿರ ಹೋಗಿ ನೋಡಿದ, ಆಮೇಲೆ ಗೊತ್ತಾಯಿತು ಆಗಿರುವುದು ಅವಳಿಗಲ್ಲ. ಇನ್ನೊಂದು ಮಾತ್ರೆ ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತಿತ್ತು, ಮೊದಮೊದಲು ನೋಡಿ ಬೆಚ್ಚಿಬಿದ್ದಿದ್ದ, ಈಚೆಗೆ ಅದೂ ಇಲ್ಲ, ಮೈ ಒಗ್ಗಿಕೊಂಡಿತು ಎಂದುಕೊಂಡ, ಹಾಗೇ ಅಂದುಕೊಂಡ, ಒಗ್ಗಿಕೊಂಡಿತು ಅಂತ, ಎಂಥ ಜಾಣ.

ಹದಿನೇಳು, ಹದಿನೇಳೂವರೆ, ಫ್ಲಾಸ್ಕಿನಲ್ಲಿ ಏನೋ ಮಬ್ಬು ಕಟ್ಟುತ್ತಿದೆ, ಮಾತ್ರೆಯನ್ನು ಗಟ್ಟಿ ಮಾಡಲು ಸೇರಿಸುವ ಪಿಷ್ಟ ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ, ಅದು ತಳದಿಂದ ಎದ್ದು ಸುತ್ತುತ್ತಿರಬೇಕು, ಸ್ವಲ್ಪ ಜಾಸ್ತಿಯೇ ಸುತ್ತುತ್ತಿದೆ ಇವತ್ತು, ಬೂದು ಮಬ್ಬು, ಪಾತ್ರೆ ತೊಳೆದ ನೀರಿನ ಹಾಗೆ, ಈ ಬ್ಯಾಚಿನವರು ಪಿಷ್ಟವನ್ನು ಕಣ್ಣು ಮುಚ್ಚಿ ಸುರಿದಿದ್ದಾರೆ, ಹದಿನೆಂಟು, ಹತ್ತೊಂಬತ್ತು, ಮಬ್ಬು ದಟ್ಟವಾಯಿತು, ಆಗಲಿ, ಅವನು ಕಾಯುತ್ತಿರುವುದು ಮಬ್ಬಿಗಲ್ಲ, ಇಪ್ಪತ್ತು, ಇನ್ನು ಅರೆತೊಟ್ಟು, ನೇತಾಡಿಸು, ಮುಟ್ಟಿಸು, ತೊಳೆ, ಯಾರಾದರೂ ನೋಡುತ್ತಿದ್ದರೆ ಆಹಾ ಎನ್ನಬೇಕು ಅಂಥ ನಾಜೂಕು, ಕೈಗೇನೂ ಆಗಿಲ್ಲ, ಕೈ ಇನ್ನೂ ಎತ್ತಿದ ಕೈ, ಇನ್ನೊಂದು ಅರೆತೊಟ್ಟು, ಮತ್ತೊಂದು, ಇಪ್ಪತ್ತೂ ಮುಕ್ಕಾಲು, ಮುಟ್ಟಿಸು, ತೊಳೆ, ಇಪ್ಪತ್ತೊಂದು. ಬಂತು. ಬಂತಲ್ಲ, ಬಂದಿರಲೇಬೇಕು, ಮಬ್ಬಿನ ಹಿಂದೆ ಗುಲಾಬಿ ಇದ್ದೇ ಇರುತ್ತದೆ, ತಿರುಪು ಮುಚ್ಚಿ ಅಂಕಿ ಓದಿ ಬರೆದುಕೊಂಡ, ಇನ್ನು ಬೇಗ ಸಿಂಕಿಗೆ ಚೆಲ್ಲಿ ತೊಳೆದುಬಿಡಬೇಕು, ಈಚೆಗೆ ಅದೊಂದು ಅಭ್ಯಾಸ, ಯಾರೂ ನೋಡುವ ಮೊದಲೇ ತೊಳೆದುಬಿಡುವುದು, ಫ್ಲಾಸ್ಕಿನ ಕೊರಳಿಗೆ ಕೈ ಹಾಕಿದ್ದಾನೆ, ಗಾಜಿನ ಬಾಗಿಲು ಸರಿದ ಸದ್ದು. ತಕ್ಕಡಿ ಅಕ್ಕ, ಎರಡನೆಯ ಪಾಲು ತೂಗಿ ತಂದಿದ್ದಾಳೆ, ಬಂದವಳು ಮೇಜಿನ ಮೇಲೆ ಇಡುವುದನ್ನೂ ಮರೆತು, ಅಯ್ಯೋ ಇದೇನಪ್ಪಾ, ಬೀಟ್‌ರೂಟ್ ಬೇಯಿಸಿದ ನೀರು ಮಾಡಿ ಇಟ್ಟಿದ್ದೀಯಲ್ಲ, ಎಂದಳು, ಎಂದು ಜೋರಾಗಿ ನಕ್ಕಳು, ನಿನ್ ಅರೆತೊಟ್ಟು ಎಲ್ಲಪ್ಪಾ ಹೋಯ್ತು, ಕೊಡಗಟ್ಲೆ ಸುರಿದ ಹಾಗಿದೆ. ಅವನು ಫ್ಲಾಸ್ಕನ್ನು ನೋಡಿದ. ಬೂದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಬೂದು, ಸ್ವಲ್ಪ ಗಾಢವಾದ ಬೂದು, ಅಷ್ಟೇ. ಕೈ ಜಾರಿತು ಅಕ್ಕ, ಎಂದಿತು ಬಾಯಿ, ಬಾಯಿ ಯಾವತ್ತೂ ಬುದ್ಧಿವಂತ, ಅವಳು ನಗುತ್ತಲೇ, ನಿನಗೂ ಕೈ ಜಾರುತ್ತಾ, ಸದ್ಯ, ನೀನೂ ಮನುಷ್ಯನೇ ಅಂತಾಯ್ತು, ತಗೋ ಇದನ್ನಾದ್ರೂ ಸರಿಯಾಗಿ ಮಾಡು, ಎಂದು ಕಾಗದದ ಪೊಟ್ಟಣ ಮುಂದಿಟ್ಟಳು. ಕೈ ಜಾರಿಲ್ಲ. ಇಪ್ಪತ್ತೊಂದಕ್ಕೆ ಬೀಟ್‌ರೂಟ್ ನೀರು ಎಂದರೆ ಗುಲಾಬಿ ಎಂದೋ ಬಂದು ಹೋಗಿದೆ, ಹದಿನೇಳಕ್ಕೆ, ಪಿಷ್ಟ ಎಂದುಕೊಂಡನಲ್ಲ ಅಲ್ಲಿ, ಹದಿನೇಳು ಎಂದರೆ ಮಾತ್ರೆಯಲ್ಲಿ ಮದ್ದು ಇರಬೇಕಾದಷ್ಟಿಲ್ಲ, ಐದರಲ್ಲಿ ಒಂದು ಪಾಲು ಇಲ್ಲ, ಇವತ್ತು ಅವಳು ಒಂದು ನಿಮಿಷ ತಡವಾಗಿ ಬಂದಿದ್ದರೆ ಸಂಜೆಯ ಲಾರಿ ಹೊರಟಿರುತ್ತಿತ್ತು, ಇವತ್ತಲ್ಲ ಬಿಡು, ನಿನ್ನೆ, ಮೊನ್ನೆ, ಕಳೆದ ತಿಂಗಳು, ಇವನು ತೊಳೆದು ಹಾಕಿದ ಫ್ಲಾಸ್ಕುಗಳಲ್ಲಿ ಎಷ್ಟು ಬೀಟ್‌ರೂಟ್ ನೀರು ಸಿಂಕಿಗೆ ಹೋಯಿತು, ಎಷ್ಟು ಲಾರಿ ಹೊರಟಿತು, ಯಾವ ಯಾವ ಊಟದ ಮೇಜಿನ ಮೇಲೆ, ಯಾರ್‍ಯಾರ ಅಂಗೈಯಲ್ಲಿ ಆ ಪುಟ್ಟ ಮಾತ್ರೆ ಕೂತಿದೆ, ಎದೆ ಹಿಡಿದುಕೊಂಡು ಒಬ್ಬ ಮುದುಕ ಅದನ್ನು ನಂಬಿ ನೀರು ಕುಡಿಯುತ್ತಿದ್ದಾನೆ, ತಾನು ಎಲ್ಲ ನೂರು ಎಂದು ಬರೆದನಲ್ಲ, ನೀಟಾಗಿ, ಕೂದಲಷ್ಟೂ ವ್ಯತ್ಯಾಸವಿಲ್ಲದ ಹಾಗೆ. ಏನಪ್ಪಾ, ಯಾಕೆ ಹಾಗೆ ನಿಂತೆ, ಮುಖ ಬಿಳಿಚಿಕೊಂಡಿದೆ, ಎಂದು ಅಕ್ಕ ಕೇಳುವುದಕ್ಕೂ ಕೆಮ್ಮು ಒತ್ತರಿಸಿ ಬರುವುದಕ್ಕೂ ಸರಿಹೋಯಿತು.

ಮೇಜಿನ ಮೇಲಿದ್ದ ಸೋಸುವ ಕಾಗದ ಕೈಗೆ ಸಿಕ್ಕಿತು, ಅವನ ಕೆಮ್ಮೆಲ್ಲ ಸೋಸುವ ಕಾಗದಕ್ಕೇ, ದುಂಡಗಿನ ಬಿಳಿ ಕಾಗದ, ಬಟ್ಟೆಯಾದರೆ ಹೆಂಡತಿ ಒಗೆಯಬೇಕು, ಬೇಡ, ಇದಾದರೆ ನಾಲ್ಕು ಮಡಿಕೆ ಮಾಡಿ ಸುಡುವ ಕಸಕ್ಕೆ ಹಾಕಿದರೆ ಮುಗಿಯಿತು, ಕೆಮ್ಮಿ, ಮಡಿಸುವ ಮುಂಚೆ ಒಮ್ಮೆ ತೆರೆದು ನೋಡುವುದು, ಕಾಯಿಲೆಯ ಮೊದಲಿನ ದಿನಗಳಲ್ಲಿ ಕೆಂಪು ಬೀಳುತ್ತಿತ್ತು, ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು, ಬರೀ ಚಹಾದ ಕಲೆಯಂಥದ್ದೊಂದು, ಕಫದ್ದಿರಬೇಕು, ಹಿಂದಿನ ಸಲ ಡಾಕ್ಟರು ರಕ್ತ ಹೇಗಿದೆ ಎಂದು ಕೇಳಿದಾಗ ಎಷ್ಟು ಸಂತೋಷದಿಂದ ಹೇಳಿದ, ನಿಂತೋಗಿದೆ ಡಾಕ್ಟ್ರೇ, ಒಂದು ಚೂರೂ ಇಲ್ಲ, ನಾನೇ ದಿನಾ ನೋಡ್ತೀನಿ, ಡಾಕ್ಟರು ಗೆಲುವಾಗಿ ಹಾಗಾದ್ರೆ ಮದ್ದು ಹಿಡಿದಿದೆ, ಇದೇ ಮಾತ್ರೆ ಮುಂದುವರಿಸೋಣ ಎಂದರು, ಹೆಂಡತಿಗೆ ಫೋನು ಮಾಡಿ ಹೇಳಿದ, ಅವಳು ಆಚೆ ಕಡೆ ಅತ್ತಳು. ಕೆಮ್ಮು ನಿಂತಿತು. ಬಾಯಲ್ಲಿ ಉಪ್ಪು. ಕಾಗದವನ್ನು ತೆರೆದ, ಬಿಳಿ, ನಡುವೆ ಒಂದು ಕಲೆ, ನಿನ್ನೆಯ ಹಾಗೆಯೇ, ಮೊನ್ನೆಯ ಹಾಗೆಯೇ, ಚಹಾ ಎಂದರೆ ಚಹಾ — ಬೆಳಿಗ್ಗೆಯಿಂದ ಅವನು ಚಹಾ ಕುಡಿದಿಲ್ಲ. ಅಕ್ಕನ ನಗು ಎಲ್ಲಿ ಹೋಯಿತು, ಅವಳು ಒಂದು ಹೆಜ್ಜೆ ಹಿಂದೆ ಸರಿದಿದ್ದಾಳೆ, ಸೆರಗಿನ ತುದಿ ಬಾಯಿಗೆ ಹೋಗಿದೆ, ಅವಳ ಕಣ್ಣು ಫ್ಲಾಸ್ಕಿನ ಮೇಲಿಲ್ಲ, ಕಾಗದದ ಮೇಲಿದೆ. ಅಕ್ಕ, ಎಂದ, ಇಷ್ಟು ದಿನ ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿದ, ಅಕ್ಕ, ನನಗೆ ಕಾಣ್ತಾ ಇಲ್ಲ, ಬಹಳ ದಿನದಿಂದ ಕಾಣ್ತಾ ಇಲ್ಲ, ಇದು ಯಾವ ಬಣ್ಣ ಹೇಳು. ಕೈಯಲ್ಲಿ ಕಾಗದ, ಬಿಳಿ, ನಡುವೆ ಬೂದು, ಅಂಚಿನ ಕಡೆಗೆ ಹರಡುತ್ತಿದೆ, ಇನ್ನೂ ಹಸಿಯಾಗಿದೆ, ಬಿಳಿ, ನಡುವೆ ಬೂದು, ಹೇಳು ಅಕ್ಕ, ಬಿಳಿ ಕಾಗದ, ನಡುವೆ ಬೂದು.